ಬಿಲ್ಲಿನ ಗ್ಲಾಸಿನೊಳಗೆ ಬಿಳಿ ಗೆರೆ: ಬಿರುಕೋ, ಬರೀ ಕಲೆಯೋ?

ಪ್ರಶ್ನೆ: ಹೇಳಿ ಮಾಡಿಸಿದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ಕಳೆದ ವಾರ ಕೈಸೇರಿತು. ಎಳೆಯಲು 45 ಪೌಂಡ್ ಬಲ ಬೇಕಾಗುವಂಥದ್ದು. ತೋಳುಗಳಿಗೆ ಬೀಟೆ ವೆನೀರ್ (ತೆಳುವಾದ ಮರದ ಹಾಳೆ), ಅದರ ಮೇಲೆ ಕ್ಲಿಯರ್ ಗ್ಲಾಸ್. ಬಿಸಿಲಿಗೆ ಹಿಡಿದರೆ ಮೇಲಿನ ತೋಳಿನಲ್ಲಿ ಕೂದಲೆಳೆಯಂಥ ಎರಡು ಬಿಳಿ ಗೆರೆ ಕಾಣುತ್ತವೆ, ಒಂದೊಂದೂ ಬೆರಳುದ್ದ. ಹಿಡಿಯ ಹತ್ತಿರ ರಾಗಿಕಾಳಿನಷ್ಟು ನಾಲ್ಕೈದು ಚುಕ್ಕೆ. ಎಳೆದಾಗ ಮುರಿದೀತೇ? ವಾಪಸ್ ಕಳಿಸಲೇ?
– ಓದುಗರು, ವಿರಾಜಪೇಟೆ

ಉತ್ತರ: ಗೆರೆ ತೋಳಿನ ಉದ್ದಕ್ಕೇ ಇದ್ದು, ಉಗುರು ಎಳೆದರೆ ಎಲ್ಲೂ ತಡೆಯದಿದ್ದರೆ ಮುರಿಯುವ ಭಯ ಬೇಡ. ಹೆಸರು ‘ಗ್ಲಾಸ್’ ಆದರೂ ಇದು ಕಿಟಕಿಯ ಗಾಜಲ್ಲ. ಗಾಜಿನ ಸಾವಿರಾರು ನವಿರಾದ ಎಳೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿ, ಎಪಾಕ್ಸಿ ಎಂಬ ಅಂಟುರಾಳದಲ್ಲಿ ನೆನೆಸಿ ಗಟ್ಟಿ ಮಾಡಿದ ಪಟ್ಟಿ. ದಪ್ಪ ಸಾಮಾನ್ಯವಾಗಿ 1ರಿಂದ 1.3 ಮಿ.ಮೀ. ಎಳೆಯ ವಕ್ರೀಭವನ ಸೂಚ್ಯಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಎಪಾಕ್ಸಿಯದೂ 1.55ರ ಆಸುಪಾಸಿನಲ್ಲೇ ಇರುವುದರಿಂದ ಬೆಳಕಿಗೆ ಎರಡೂ ಒಂದೇ. ಅದಕ್ಕೇ ಎಳೆ ಮಾಯವಾಗಿ ಕೆಳಗಿನ ಮರ ಕಾಣುತ್ತದೆ. ಬಜ್ಜಿ ಕಟ್ಟಿಕೊಟ್ಟ ಕಾಗದ ಎಣ್ಣೆ ಹೀರಿದ ಕಡೆ ಹಿಂದಿನ ಅಕ್ಷರ ತೋರಿಸುತ್ತದಲ್ಲ, ಅದೇ ಕತೆ. ಎಳೆಗಳ ಕಟ್ಟಿನೊಳಕ್ಕೆ ಎಪಾಕ್ಸಿ ಇಳಿಯದೆ ಗಾಳಿ ಉಳಿದ ಕಡೆ ಬೆಳಕು ಚದುರಿ ಬಿಳಿ ಗೆರೆಯಾಗುತ್ತದೆ. ಪಟ್ಟಿ ತಯಾರಾದಾಗಲೇ ಬಂದ ಕಲೆ ಅದು, ಬಿಲ್ಲು ಮಾಡಿದವರ ಕೈತಪ್ಪಲ್ಲ. ಬೀಟೆಯ ಕಪ್ಪಿನ ಮೇಲೆ ಎದ್ದು ಕಾಣುತ್ತಿದೆ, ಅಷ್ಟೆ. ಇದೇ ಪಟ್ಟಿ ಹಲಸಿನ ವೆನೀರ್ ಮೇಲೆ ಕೂತಿದ್ದರೆ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಚುಕ್ಕೆಗಳ ವಿಚಾರ ಬೇರೆ. ಅವು ಗ್ಲಾಸಿಗೂ ಮರಕ್ಕೂ ನಡುವಿನ ಅಂಟಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು. ಬೀಟೆಯ ರಂಧ್ರಗಳು ದೊಡ್ಡವು. ಅಂಟು ಗಟ್ಟಿಯಾಗಲು ಬಿಸಿಗಿಟ್ಟಾಗ ಒಳಗಿನ ಗಾಳಿ ಹಿಗ್ಗಿ ಮೇಲೇಳುತ್ತದೆ. ಬಿಡಿಬಿಡಿಯಾಗಿ ನಾಲ್ಕೈದಿದ್ದರೆ ಚಿಂತೆಯಿಲ್ಲ. ಆದರೆ ನಾಣ್ಯದಗಲದ ಬೂದು ಮಚ್ಚೆ, ಅದರಲ್ಲೂ ಅಂಚಿಗೆ ತಾಗಿಕೊಂಡದ್ದು ಕಂಡರೆ ಅಲ್ಲಿ ಅಂಟೇ ಹಿಡಿದಿಲ್ಲ ಎಂದು ತಿಳಿಯಿರಿ.

ಅನುಮಾನ ಕಳೆಯಲು ರಾತ್ರಿ ದೀಪ ಆರಿಸಿ, ಟಾರ್ಚನ್ನು ತೋಳಿಗೆ ಒರಗಿಸಿದಂತೆ ಹಿಡಿದು ಅಡ್ಡಬೆಳಕು ಬಿಡಿ. ಗೆರೆಯ ಎರಡೂ ತುದಿಗೆ ಸಣ್ಣ ಟೇಪ್ ಅಂಟಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ನೂರು ಬಾಣ ಬಿಟ್ಟ ಮೇಲೆ ಮತ್ತೆ ನೋಡಿ. ಕಲೆಯಾದರೆ ಟೇಪ್ ದಾಟುವುದಿಲ್ಲ, ಬಿರುಕು ದಾಟುತ್ತದೆ. ಅಂಚುಗಳ ಮೇಲೆ ಹತ್ತಿ ಸವರಿ, ಬರಿಗೈ ಬೇಡ: ಗಾಜಿನ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಹತ್ತಿ ಸಿಕ್ಕಿಕೊಂಡ ಕಡೆ ಎಳೆ ಎದ್ದಿದೆ ಎಂದರ್ಥ.

ಹೆದರಬೇಕಾದ್ದು ಅಡ್ಡಗೆರೆಗೆ, ಅದೂ ನಿಮ್ಮ ಮುಖದ ಕಡೆಗಿರುವ ಒಳಮೈಯಲ್ಲಿ ಕಂಡರೆ. ಎಳೆದಾಗ ಆ ಮೈ ಒತ್ತಡಕ್ಕೆ ಸಿಕ್ಕಿ ಎಳೆಗಳೇ ನಜ್ಜುಗುಜ್ಜಾಗಿರಬಹುದು. ಹೆದೆ ಇಳಿಸಿ ಆ ಜಾಗವನ್ನು 400 ನಂಬರಿನ ವಾಟರ್ ಪೇಪರಿನಿಂದ ನಾಲ್ಕು ಸಲ ಮೆಲ್ಲಗೆ ಉಜ್ಜಿ. ಗೆರೆ ಹೋದರೆ ಬಿರಿದದ್ದು ಮೇಲಿನ ವಾರ್ನಿಷ್ ಮಾತ್ರ. ಉಳಿದರೆ ಬಿಲ್ಲಿಗೆ ಮತ್ತೆ ಹೆದೆ ಏರಿಸಬೇಡಿ.

ವಾಪಸಿನ ಮಾತು: ಹೇಳಿ ಮಾಡಿಸುವ ಬಿಲ್ಲಿಗೆ ದುಡ್ಡು ಕೊಡುವುದು ಬಲಕ್ಕಷ್ಟೇ ಅಲ್ಲ, ಚೆಂದಕ್ಕೂ. ಗೆರೆ ಇದೆ ಎಂದು ಮಾಡಿದವರು ಮೊದಲೇ ಹೇಳಬೇಕಿತ್ತು. ಬೆಲೆಯಲ್ಲಿ ಸ್ವಲ್ಪ ಬಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಿಲ್ಲನ್ನೇ ತಿರಸ್ಕರಿಸಿದರೆ ಅನ್ಯಾಯವಾದೀತು.

ಪ್ರಶ್ನೆ: ತೋಟದ ಸಿಲ್ವರ್ ಓಕ್ ಸೀಳಿಸಿ ನಾನೇ ಬಿಲ್ಲು ಮಾಡುತ್ತಿದ್ದೇನೆ. ಎರಡು ಸಲವೂ ಗ್ಲಾಸಿನಡಿ ಹೊಳೆಯುವ ಮಚ್ಚೆ ಬಂತು, ಗುಳ್ಳೆಯೂ ಇದೆ. ಎಲ್ಲಿ ತಪ್ಪುತ್ತಿದೆ?
– ಓದುಗರು, ಸೋಮವಾರಪೇಟೆ

ಉತ್ತರ: ಮೊದಲು ಬಿಲ್ಲನ್ನು ಬೆಳಕಿನಲ್ಲಿ ಹೊರಳಿಸಿ ನೋಡಿ. ಮಚ್ಚೆ ಒಮ್ಮೆ ಹೊಳೆದು ಒಮ್ಮೆ ಕಪ್ಪಾದರೆ ಅದು ದೋಷವಲ್ಲ. ಸಿಲ್ವರ್ ಓಕನ್ನು ದಿಮ್ಮಿಯ ನಡುವಿನಿಂದ ಅಂಚಿಗೆ ಸೀಳಿದಾಗ ಕಾಣುವ ಅದರ ಸಹಜ ಜರಿ. ಆ ಮರದ ಚೆಂದವೇ ಅದು. ಹೇಗೆ ಹೊರಳಿಸಿದರೂ ಬೆಳ್ಳಗೇ ಇರುವುದು ಗುಳ್ಳೆ.

ಗುಳ್ಳೆಗೆ ನಮ್ಮ ಹವೆಯೂ ಒಂದು ಕಾರಣ. ಕೊಡಗಿನ ಮಳೆಗಾಲದಲ್ಲಿ ನೆರಳಲ್ಲೇ ಒಣಗಿಸಿದ ಹಲಗೆ ಒಣಗಿರುವುದಿಲ್ಲ. ಅಂಟಿಸುವಾಗ ಮರದಲ್ಲಿ ತೇವಾಂಶ ಶೇ 8ರಿಂದ 10ರಷ್ಟಿರಬೇಕು. ಮೀಟರ್ ಇಲ್ಲದಿದ್ದರೆ ಪಟ್ಟಿಯನ್ನು ಬಲ್ಬಿನ ಪೆಟ್ಟಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ. ಮೂರು ದಿನ ತೂಕ ಇಳಿಯದೆ ನಿಂತರೆ ಪೆಟ್ಟಿಗೆಯ ಮಟ್ಟಕ್ಕೆ ಒಣಗಿದೆ.

ಅಂಟಿಸುವ ಮೊದಲು ಗ್ಲಾಸಿನ ಒರಟು ಮೈಗೆ ಸ್ಪಿರಿಟ್ ಸವರಿ ಕಪ್ಪು ಬಟ್ಟೆಯ ಮೇಲಿಡಿ. ಒರಟಿನ ಬಿಳುಪು ಆ ಕ್ಷಣಕ್ಕೆ ಮಾಯವಾಗುತ್ತದೆ. ಆಗಲೂ ಬೆಳ್ಳಗೆ ಉಳಿದ ಗೆರೆ ಬಿಲ್ಲಾದ ಮೇಲೂ ಉಳಿಯುತ್ತದೆ. ಅಂಥದ್ದನ್ನು ತುದಿಯ ಕಡೆಗೆ ತಳ್ಳಿ, ಅಥವಾ ಬೇರೆ ಪಟ್ಟಿ ತೆಗೆದುಕೊಳ್ಳಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಆ ಮೈಗೆ ಬೆರಳು ತಾಗಿಸಬೇಡಿ, ಜಿಡ್ಡಿದ್ದ ಕಡೆ ಅಂಟು ಕೂರದು.

ಎಪಾಕ್ಸಿಯನ್ನು ಗ್ಲಾಸಿಗೂ ಮರಕ್ಕೂ ಎರಡಕ್ಕೂ ಬಳಿದು ಹತ್ತು ನಿಮಿಷ ಬಿಡಿ. ಮರ ಕುಡಿದು ಒಣಗಿದಂತೆ ಕಂಡ ಕಡೆ ಇನ್ನೊಂದು ಕೈ ಹಚ್ಚಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಬೇಗ ಮುಗಿಯಲಿ ಎಂದು ಒಂದೇ ಮೈಗೆ ಬಳಿದು ಒತ್ತಿಬಿಡುತ್ತಾರೆ. ಕ್ಲಾಂಪನ್ನು ನಡುವಿನಿಂದ ತುದಿಗಳ ಕಡೆ ಬಿಗಿಯುತ್ತ ಹೋಗಿ, ಅಂಚಿನುದ್ದಕ್ಕೂ ಅಂಟು ಸಣ್ಣ ಮಣಿಗಳಾಗಿ ಹೊರಬಂದೊಡನೆ ನಿಲ್ಲಿಸಿ. ಇನ್ನೂ ಬಿಗಿದರೆ ಒಳಗಿನ ಅಂಟೆಲ್ಲ ಹಿಂಡಿಹೋಗಿ ಹೊಗೆ ಕವಿದಂಥ ಮಚ್ಚೆ ಬೀಳುತ್ತದೆ. ಬಿಸಿ ಎಷ್ಟು, ಎಷ್ಟು ಹೊತ್ತು ಎನ್ನುವುದಕ್ಕೆ ಡಬ್ಬದ ಮೇಲಿನ ಸೂಚನೆಯೇ ಕೊನೆಮಾತು.

ಪ್ರಶ್ನೆ: ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಬಿಲ್ಲಿಗೆ ಲ್ಯಾಕರ್ ಹೊಡೆದೆ. ಗ್ಲಾಸ್ ಪೂರಾ ಮಂಜು ಕವಿದ ಹಾಗಾಯಿತು.
– ಓದುಗರು, ಮಡಿಕೇರಿ

ಉತ್ತರ: ಗ್ಲಾಸಿಗೆ ಏನೂ ಆಗಿಲ್ಲ. ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಲ್ಯಾಕರಿನಲ್ಲಿ ಕೂತಿದೆ. ಮಳೆ ಬಿಟ್ಟ ದಿನ, ಬೆಚ್ಚಗಿನ ಕೋಣೆಯಲ್ಲಿ, ಒಲೆ ಮತ್ತು ಬೆಂಕಿಯಿಂದ ದೂರ, ರಿಟಾರ್ಡರ್ (ನಿಧಾನವಾಗಿ ಆರುವ) ತಿನ್ನರ್ ಬೆರೆಸಿದ ತೆಳು ಪದರವೊಂದನ್ನು ಹೊಡೆಯಿರಿ. ಹಳೆಯ ಪದರ ಮೆತ್ತಗಾಗಿ ನೀರು ಆರಿಹೋಗುತ್ತದೆ, ಮಂಜು ಬಿಡುತ್ತದೆ. ಬಿಡದಿದ್ದರೆ ಉಜ್ಜಿ ತೆಗೆದು, ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ಹೊಸದಾಗಿ ಹೊಡೆಯಿರಿ.