ಎಲ್ಲರೂ ನನ್ನನ್ನೇ ನೋಡ್ತಾರೆ: ವ್ಯಾಯಾಮಕ್ಕೆ ಹಿಂಜರಿದ ಒಬ್ಬ ತಾಯಿಯ ಪ್ರಕರಣ

ಅವರಿಗೆ 38 ವರ್ಷ. ಇಬ್ಬರು ಮಕ್ಕಳು. ಮಗಳಿಗೆ 8, ಮಗನಿಗೆ 3. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ, ದಿನಾ ಒಂದಿಷ್ಟು ನಡೆಯಿರಿ ಎಂದು ಡಾಕ್ಟರ್ ಹೇಳಿ ವರ್ಷದ ಮೇಲಾಗಿತ್ತು. ಇವರು ಶುರುವೇ ಮಾಡಿರಲಿಲ್ಲ. "ಬೇರೆಯವರೆಲ್ಲ ಹೇಗೋ ಮಾಡ್ಕೊಳ್ತಾರೆ ಮೇಡಂ. ನನಗೆ ಮಾತ್ರ ಟೈಮೇ ಸಿಗಲ್ಲ. ನನ್ನ ಮನಸ್ಸು ಗಟ್ಟಿ ಇಲ್ಲ ಅನ್ಸುತ್ತೆ" ಎಂದು, ಸಲಹೆಗೆ ನನ್ನ ಬಳಿ ಬಂದ ದಿನ ಮಾತು ತೆಗೆದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಟೈಮ್ ಇಲ್ಲ ಅನ್ನುವುದನ್ನು ನೆಪ ಎಂದು ನಾನು ತಳ್ಳಿಹಾಕುವುದಿಲ್ಲ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಒಂದೂ ಬಿಡದೆ ಹೇಳಿ ಎಂದು ಕೇಳಿದೆ. ಕೇಳುತ್ತಾ ಹೋದರೆ ನಿಜಕ್ಕೂ ಪುರುಸೊತ್ತಿಲ್ಲದ ದಿನ. ರಾತ್ರಿ ಮಕ್ಕಳು ಮಲಗಿದ ಮೇಲೆ ಮಾತ್ರ 40 ನಿಮಿಷ ಫೋನ್ ನೋಡುತ್ತಾ ಕೂರುತ್ತಾರಂತೆ. ಅದನ್ನು ಹೇಳುವಾಗ ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿದರು. "ಅದು ನಿಮ್ಮ ವಿಶ್ರಾಂತಿ. ಅದಕ್ಕೆ ನಾನು ಕೈ ಹಾಕಲ್ಲ" ಎಂದೆ. ಸುಸ್ತಾದ ತಾಯಿಗೆ ಸಿಗುವ ಆ ಅಷ್ಟು ಹೊತ್ತನ್ನೂ ಕಿತ್ತುಕೊಂಡು ಮಾಡಿದ ವೇಳಾಪಟ್ಟಿ ಜಾಸ್ತಿ ದಿನ ನಿಲ್ಲುವುದಿಲ್ಲ.

ಆಮೇಲೆ ಶನಿವಾರದ ವಿಷಯ ಬಂತು. ಮಗಳನ್ನು ಈಜು ಕಲಿಯುವ ಕ್ಲಾಸಿಗೆ ಬಿಟ್ಟು, ಅದು ಮುಗಿಯುವವರೆಗೆ ಒಂದು ಗಂಟೆ ಕಾರಿನಲ್ಲಿ ಕಾಯುತ್ತಾರೆ. ಎದುರಿಗೇ ಪಾರ್ಕು, ನಡೆಯಲು ದಾರಿಯೂ ಇದೆ. "ಆ ಹೊತ್ತಿಗೆ ಅಲ್ಲಿ ನಡೆಯಬಹುದಲ್ವಾ?" ಎಂದು ಕೇಳಿದೆ. ಅವರು ಸುಮ್ಮನಾದರು. ಬಂದಾಗಿನಿಂದಲೂ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಪಕ್ಕದಲ್ಲಿ ಖಾಲಿ ಕುರ್ಚಿ ಇದ್ದರೂ ಕೆಳಗಿಟ್ಟಿರಲಿಲ್ಲ. ಈಗ ಅದನ್ನು ಇನ್ನಷ್ಟು ಹೊಟ್ಟೆಗೆ ಒತ್ತಿಕೊಂಡರು. "ಅಲ್ಲಿ ಬೇರೆ ಮಕ್ಕಳ ತಾಯಂದಿರೆಲ್ಲ ಇರ್ತಾರೆ. ನಾನು ಹಿಂದಿನಿಂದ ಹೇಗೆ ಕಾಣ್ತೀನಿ ಅಂತ ನನಗೆ ಗೊತ್ತು ಮೇಡಂ."

ಹಾಗಾದರೆ ಅಡ್ಡಿ ಎರಡಿತ್ತು. ಕೆಲಸದ ಹೊರೆ ಸುಳ್ಳಲ್ಲ. ಆದರೆ ಹೊತ್ತು ಸಿಕ್ಕ ಕಡೆಯಲ್ಲೂ ನಾಚಿಕೆ ಅವರನ್ನು ಕಾರಿನೊಳಗೆ ಕೂರಿಸಿತ್ತು. ಟೈಮ್ ಇಲ್ಲ ಎಂದರೆ ಎಲ್ಲರೂ ಒಪ್ಪುತ್ತಾರೆ, ಅದಕ್ಕೇ ಅದು ಮೊದಲು ಬಾಯಿಗೆ ಬರುತ್ತದೆ. ನಾಚಿಕೆಯನ್ನು ಹಾಗೆ ಹೇಳಿಕೊಳ್ಳಲು ಆಗುವುದಿಲ್ಲ. ನನ್ನ ಬಳಿ ಬರುವ ತಂದೆ ತಾಯಂದಿರಲ್ಲಿ ಈ ಎರಡೂ ಹೆಣೆದುಕೊಂಡಿರುವುದನ್ನು ಮತ್ತೆ ಮತ್ತೆ ಕಾಣುತ್ತೇನೆ. ಬರೀ ಟೈಮ್‌ಟೇಬಲ್ ಬರೆದುಕೊಟ್ಟರೆ ಅವರಿಗೆ ಉಪಯೋಗವಾಗುವುದಿಲ್ಲ.

ಎರಡನೇ ಭೇಟಿಯಲ್ಲಿ ಹಳೆಯದೊಂದು ಹೊರಬಂತು. ಮಗ ಹುಟ್ಟಿದ ಮೇಲೆ ಒಂದು ಜಿಮ್‌ಗೆ ಸೇರಿದ್ದರು. ಗೋಡೆ ತುಂಬ ಕನ್ನಡಿ. ತರಬೇತುದಾರ ಎಲ್ಲರ ಎದುರಿಗೆ ಇವರ ಹೊಟ್ಟೆಯ ಬಗ್ಗೆ ತಮಾಷೆ ಮಾಡಿದ. ಅದೇ ದಿನ ಕುಣಿದು ಜಿಗಿಯುವ ವ್ಯಾಯಾಮ ಮಾಡುವಾಗ ಸ್ವಲ್ಪ ಮೂತ್ರ ಹೋಗಿಬಿಟ್ಟಿತು. ಯಾರಿಗೂ ಗೊತ್ತಾಗಲಿಲ್ಲ. ಆದರೂ ಅವತ್ತೇ ಬಿಟ್ಟರು. ವರ್ಷದ ಶುಲ್ಕ ಹೋಯಿತು. ಗಂಡನಿಗೂ ಕಾರಣ ಹೇಳಲಿಲ್ಲ. "ಸೋಮಾರಿ ಅಂದ್ಕೊಂಡಿದ್ದಾರೆ. ಅಂದ್ಕೊಳ್ಳಲಿ, ಇದನ್ನ ಹೇಳೋದಕ್ಕಿಂತ ಅದೇ ವಾಸಿ" ಎಂದರು.

ಈ ವಿಷಯ ಓದುತ್ತಿರುವ ತಾಯಂದಿರು ದಯವಿಟ್ಟು ಇಲ್ಲಿ ಗಮನ ಕೊಡಿ. ಹೆರಿಗೆಯ ನಂತರ ಕೆಮ್ಮಿದಾಗ, ಜಿಗಿದಾಗ ಮೂತ್ರ ಸೋರುವುದು ತುಂಬ ಜನರಿಗೆ ಆಗುವಂಥದ್ದು. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಸಡಿಲವಾಗಿರುತ್ತವೆ. ಅವನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ಸರಿಯಾಗಿ ಕಲಿತು, ಕನಿಷ್ಠ 3 ತಿಂಗಳು ದಿನಾ ಮಾಡಿದರೆ ಬಹಳಷ್ಟು ಜನರಿಗೆ ಗುಣ ಕಾಣುತ್ತದೆ. ಕೂತಲ್ಲೇ ಮಾಡಬಹುದು, ಪಕ್ಕದವರಿಗೂ ತಿಳಿಯುವುದಿಲ್ಲ. ನಾನು ಇವರನ್ನು ಮೊದಲು ಕಳಿಸಿದ್ದು ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ. ಮಾತಿನಿಂದ ವಾಸಿಯಾಗದ್ದನ್ನು ಮಾತಿನಲ್ಲೇ ವಾಸಿ ಮಾಡಲು ಹೊರಡಬಾರದು.

ಇನ್ನು ನೋಡುತ್ತಾರೆ ಎಂಬ ಭಯ. ಮೈಯ ಆಕಾರವನ್ನು ಬೇರೆಯವರು ಅಳೆಯುತ್ತಾರೆ ಎಂಬ ಈ ಆತಂಕವನ್ನು ಅಳೆಯಲು ಮನಶ್ಶಾಸ್ತ್ರಜ್ಞರು 1989ರಲ್ಲೇ ಒಂದು ಪ್ರಶ್ನಾವಳಿ ಮಾಡಿದ್ದರು. ಅಂದರೆ ಇದು ಇವರೊಬ್ಬರ ವಿಚಿತ್ರ ಸ್ವಭಾವವಲ್ಲ. ಅಷ್ಟು ಕೇಳಿಯೇ ಅವರಿಗೆ ಸ್ವಲ್ಪ ಹಗುರಾಯಿತು. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಬಗ್ಗೆಯೂ ಹೇಳಿದೆ. ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಜನರಿದ್ದ ಕೋಣೆಯೊಳಗೆ ಕಳಿಸಿದರು. ಒಳಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಮ್ಮ ಶರ್ಟ್ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟು ಮಾತ್ರ.

ಇದನ್ನು ಕೇಳಿ ಅವರು ತಲೆಯಾಡಿಸಿದರು, ನಂಬಲಿಲ್ಲ. ನಂಬಬೇಕೆಂದು ನಾನೂ ಒತ್ತಾಯಿಸಲಿಲ್ಲ. ಅದರ ಬದಲು ಮುಂದಿನ ಶನಿವಾರಕ್ಕೆ ಒಂದು ಕೆಲಸ ಕೊಟ್ಟೆ. ನಡೆಯುವುದು ಬೇಡ. ಪಾರ್ಕಿನ ಬೆಂಚಿನ ಮೇಲೆ 10 ನಿಮಿಷ ಕೂತು, ನಡೆಯುವವರನ್ನು ನೋಡಿ ಬನ್ನಿ ಅಷ್ಟೆ. ಬಂದ ಮೇಲೆ ಕೇಳಿದೆ, ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದರು? ಯಾರು ದಪ್ಪ ಇದ್ದರು? ಒಬ್ಬರು ಜೋರಾಗಿ ಫೋನಿನಲ್ಲಿ ಜಗಳವಾಡುತ್ತಿದ್ದದ್ದು, ಒಂದು ನಾಯಿಮರಿ ಹಗ್ಗ ಕಚ್ಚುತ್ತಿದ್ದದ್ದು, ಇಷ್ಟೇ ನೆನಪಿತ್ತು. "ನೋಡೋಕೆ ಅಂತಾನೇ ಕೂತಿದ್ದೆ ಮೇಡಂ, ಆದ್ರೂ ಯಾರ ಮೈಯೂ ನೆನಪಿಲ್ಲ" ಎಂದು ತಾವೇ ಆಶ್ಚರ್ಯಪಟ್ಟರು. ಅಧ್ಯಯನದ ಅಂಕಿಗಿಂತ ಈ ಬೆಂಚು ಅವರಿಗೆ ಹೆಚ್ಚು ಕೆಲಸ ಮಾಡಿತು.

ಹಾಗಂತ ಯಾರೂ ನೋಡಲ್ಲ, ಯಾರೂ ಏನೂ ಅನ್ನಲ್ಲ ಎಂದು ಭರವಸೆ ಕೊಡುವುದು ತಪ್ಪು. ಒಬ್ಬರು ಅಂದೇ ಬಿಟ್ಟಿದ್ದರಲ್ಲ. ಆದ್ದರಿಂದ ಯಾರಾದರೂ ಏನಾದರೂ ಅಂದರೆ ಹೇಳಲು ಒಂದು ಮಾತನ್ನು ಸಿದ್ಧ ಮಾಡಿಕೊಂಡೆವು. "ಹೌದು, ಈಗ ಶುರು ಮಾಡಿದ್ದೀನಿ." ಇಷ್ಟು ಹೇಳಿ ನಡೆಯುತ್ತಲೇ ಇರುವುದು. ವಿವರಣೆ ಬೇಡ, ನಗುವೂ ಕಡ್ಡಾಯವಲ್ಲ. ನನ್ನೆದುರಿಗೆ ನಾಲ್ಕಾರು ಸಲ ಜೋರಾಗಿ ಹೇಳಿಸಿದೆ. ಮೊದಮೊದಲು ಕ್ಷಮೆ ಕೇಳುವವರ ದನಿಯಲ್ಲಿ ಬರುತ್ತಿತ್ತು, ನಿಧಾನಕ್ಕೆ ನೇರವಾಯಿತು.

ಮುಂದೆ ಹಂತ ಹಂತವಾಗಿ ಹೋದೆವು. ಮೊದಲು ಮನೆಯೊಳಗೆ, ಯಾರೂ ನೋಡದ ಕಡೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಅಂಗೈ ಕೊಟ್ಟು ಮೈಯನ್ನು ಹಿಂದೆ ಮುಂದೆ ತರುವುದು. ಆಮೇಲೆ ಪಾರ್ಕಿನಲ್ಲಿ ಒಂದು ಸುತ್ತು. ಬಟ್ಟೆಯ ಬಗ್ಗೆಯೂ ಮಾತಾಡಿದೆವು, ಇದು ಸಣ್ಣ ವಿಷಯವಲ್ಲ. ಅವರು ಹಾಕುತ್ತಿದ್ದ ಟೀ ಶರ್ಟ್ ಗಿಡ್ಡವಾಗಿ, ನಡೆಯುವಷ್ಟು ಹೊತ್ತೂ ಒಂದು ಕೈ ಅದರ ಹಿಂದಿನ ಅಂಚನ್ನು ಎಳೆಯುವುದಕ್ಕೇ ಮೀಸಲಾಗಿತ್ತು. ಸಣ್ಣಗಾದ ಮೇಲೆ ಒಳ್ಳೆಯದು ಕೊಳ್ಳೋಣ ಎಂದು ಮುಂದೂಡುತ್ತಿದ್ದರು. ಈಗಿನ ಮೈಗೆ ಸರಿಯಾಗಿ ಕೂರುವ ಒಂದು ಜೊತೆ ಬಟ್ಟೆ ಈಗಲೇ ತನ್ನಿ ಎಂದೆ.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರದಲ್ಲಿ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗವೇ ಮಧ್ಯಮ. 150 ಎಂದ ಕೂಡಲೇ ಅವರ ಮುಖ ಸಪ್ಪಗಾಯಿತು. ಆದರೆ ಹೆತ್ತವರಿಗೆ ಅನುಕೂಲವಾದ ಒಂದು ಬದಲಾವಣೆ ಇದರಲ್ಲೇ ಇದೆ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು 2020ರಲ್ಲಿ ಕೈಬಿಟ್ಟರು. ಮೆಟ್ಟಿಲು ಹತ್ತಿದ ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಗುರಿ ಮುಟ್ಟದಿದ್ದರೂ ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡುವುದರಲ್ಲಿ ಲಾಭವಿದೆ.

ತೂಕ ನೋಡುವ ಯಂತ್ರವನ್ನು 3 ತಿಂಗಳು ಎತ್ತಿಡಿ ಎಂದು ಕೇಳಿಕೊಂಡೆ. ಬರೀ ವ್ಯಾಯಾಮದಿಂದ ತೂಕ ಇಳಿಯುವುದು ಸಾಮಾನ್ಯವಾಗಿ ಸ್ವಲ್ಪವೇ. ಅದನ್ನೇ ನೋಡುತ್ತಿದ್ದರೆ ಎರಡನೇ ವಾರಕ್ಕೇ ಬೇಸರ ಬರುತ್ತದೆ. ಸಕ್ಕರೆಯ ಲೆಕ್ಕ ಬೇರೆ. ನಡೆಯುವಾಗ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ತೂಕ ಒಂದು ಗ್ರಾಂ ಇಳಿಯದಿದ್ದರೂ ಎಳೆದುಕೊಳ್ಳುತ್ತವೆ. ಆ ಗುಣ ಒಂದು ದಿನಕ್ಕೂ ಮೀರಿ ಉಳಿಯಬಲ್ಲದು. ಅದಕ್ಕೇ ಸತತ 2 ದಿನಕ್ಕಿಂತ ಜಾಸ್ತಿ ಬಿಡಬೇಡಿ ಎನ್ನುತ್ತಾರೆ. ತೂಕದ ಬದಲು ನಿದ್ದೆ ಹೇಗಿತ್ತು, ಮೆಟ್ಟಿಲು ಹತ್ತುವಾಗ ಉಸಿರು ಹೇಗಿತ್ತು, ಇವೆರಡನ್ನು ಬರೆದಿಡಲು ಹೇಳಿದೆ.

ಗಂಡನನ್ನು ಒಂದು ಭೇಟಿಗೆ ಕರೆತರಲು ಹೇಳಿದೆ. ಬಂದರು, ಒಳ್ಳೆಯ ಮನುಷ್ಯ. "ನಾನು ಯಾವತ್ತೂ ಬೇಡ ಅಂದಿಲ್ಲ ಮೇಡಂ, ಹೋಗು ಅಂತಾನೇ ಹೇಳ್ತೀನಿ" ಎಂದರು. ಬೇಡ ಎನ್ನದಿರುವುದರಿಂದ ಹೆಂಡತಿಗೆ ಒಂದು ನಿಮಿಷವೂ ಸಿಗುವುದಿಲ್ಲ, ಆ ಹೊತ್ತಿನ ಕೆಲಸವನ್ನು ಇನ್ನೊಬ್ಬರು ಹೊತ್ತರೆ ಮಾತ್ರ ಸಿಗುತ್ತದೆ ಎಂದು ನೇರವಾಗಿ ಹೇಳಿದೆ. ಮಂಗಳವಾರ, ಗುರುವಾರ ಸಂಜೆ ಮಗನ ಊಟ, ಮಲಗಿಸುವುದು ಪೂರ್ತಿ ಅವರದು ಎಂದು ತೀರ್ಮಾನವಾಯಿತು. ಪೂರ್ತಿ ಎಂದರೆ, ಅವನ ಹೊದಿಕೆ ಎಲ್ಲಿದೆ ಎಂದು ಫೋನ್ ಮಾಡಿ ಕೇಳುವ ಹಾಗೂ ಇಲ್ಲ. ಮೊದಲ ವಾರ ಮಗ ಬಾಗಿಲ ಹತ್ತಿರ ಅತ್ತ, ತಾಯಿ ಶೂ ಬಿಚ್ಚಿಬಿಟ್ಟರು. ಮುಂದಿನ ವಾರದಿಂದ ತಾಯಿ ಕೆಲಸದಿಂದ ಬರುತ್ತಲೇ, ಮನೆಯೊಳಗೆ ಕಾಲಿಡುವ ಮುಂಚೆ ನಡೆದು ಬರುವುದು ಎಂದು ಬದಲಿಸಿದೆವು. ಅದು ಕುದುರಿತು.

ಶನಿವಾರಕ್ಕೆ ಒಂದು ಸಾಲು ಬರೆದುಕೊಂಡರು: 'ಮಗಳು ಕ್ಲಾಸಿನ ಬಾಗಿಲು ದಾಟಿದ ಕೂಡಲೇ ನಾನು ಕಾರಿನ ಕಡೆ ಹೋಗದೆ ಪಾರ್ಕಿನ ಗೇಟಿಗೆ ಹೋಗುತ್ತೇನೆ.' ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಈ ಕ್ರಮವನ್ನು ಪೀಟರ್ ಗೊಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ನಡೀಬೇಕು ಎಂದು ಸುಮ್ನೆ ಅಂದುಕೊಳ್ಳುವುದಕ್ಕಿಂತ ಇದು ಚೆನ್ನಾಗಿ ಕೈ ಹಿಡಿಯುತ್ತದೆ. ಆ ಕ್ಷಣದಲ್ಲಿ ಹೋಗಲೋ ಬೇಡವೋ ಎಂದು ಯೋಚಿಸುತ್ತಾ ನಿಂತರೆ ನಾಚಿಕೆಯೇ ಗೆಲ್ಲುತ್ತದೆ.

ನಡುವೆ ಮಗನಿಗೆ ಜ್ವರ ಬಂದು ಎರಡು ವಾರ ಎಲ್ಲ ನಿಂತುಹೋಯಿತು. ಅವರು ನನ್ನ ಭೇಟಿಯನ್ನೂ ರದ್ದು ಮಾಡಿದರು. ಫೋನ್ ಮಾಡಿದಾಗ "ಮತ್ತೆ ಹಾಳು ಮಾಡ್ಕೊಂಡೆ" ಎಂದರು. ಅಭ್ಯಾಸ ಕೂಡಿಬರುವುದರ ಬಗ್ಗೆ ಲಂಡನ್ನಿನ ಫಿಲಿಪಾ ಲ್ಯಾಲಿ ತಂಡ 96 ಜನರ ಮೇಲೆ ಮಾಡಿದ ಅಧ್ಯಯನವನ್ನು ಅವರಿಗೆ ಹೇಳಿದೆ. ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕೆಂದು ಕಂಡಿತು. ಆದರೆ ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ಎಂಬಷ್ಟು ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಎರಡು ವಾರ ಒಂದು ದಿನಕ್ಕಿಂತ ಜಾಸ್ತಿ, ನಿಜ. ಹಾಗಾಗಿ ತಪ್ಪಿದ್ದನ್ನೆಲ್ಲ ತುಂಬಿಸಲು ಹೋಗಬೇಡಿ, ಬಿಟ್ಟಾಗ ಮಾಡುತ್ತಿದ್ದುದರ ಅರ್ಧದಿಂದ ಶುರು ಮಾಡಿ ಎಂದೆ. ಮಗು ಹುಷಾರಿಲ್ಲದಾಗ ನಡಿಗೆ ಬಿಟ್ಟಿದ್ದು ಸೋಲಲ್ಲ, ಆ ವಾರದ ಕೆಲಸ ಅದೇ ಆಗಿತ್ತು.

ನನಗೆ ಬಹಳ ಚಿಂತೆ ತಂದದ್ದು ಮಗಳ ವಿಷಯ. ಒಂದು ದಿನ ಆ ಹುಡುಗಿ ಈಜುಡುಗೆ ತೊಟ್ಟು, "ಅಮ್ಮಾ, ನನ್ನ ಹೊಟ್ಟೆ ಕಾಣ್ಸುತ್ತಾ?" ಎಂದು ಕೇಳಿದಳಂತೆ. ಇದನ್ನು ಹೇಳುವಾಗ ತಾಯಿ ಅತ್ತುಬಿಟ್ಟರು. ಎಂಟು ವರ್ಷದ ಮಗು ಅದನ್ನು ಎಲ್ಲಿಂದ ಕಲಿಯಿತು ಎಂದು ಹುಡುಕುತ್ತಾ ಕೂರುವುದು ಬೇಡ ಎಂದೆ, ಕಲಿಯಲು ಸುತ್ತ ಬೇಕಾದಷ್ಟು ದಾರಿಗಳಿವೆ. ಮನೆಯಲ್ಲಿ ಆಗುವುದಿಷ್ಟು: ಮಕ್ಕಳ ಎದುರಿಗೆ ತನ್ನ ಮೈಯನ್ನಾಗಲಿ ಬೇರೆಯವರ ಮೈಯನ್ನಾಗಲಿ ಹಳಿಯುವುದನ್ನು ನಿಲ್ಲಿಸುವುದು. ಸಣ್ಣಗಾಗಲು ನಡೀತಿದ್ದೀನಿ ಎನ್ನುವ ಬದಲು ನಡೆದರೆ ಚೆನ್ನಾಗಿ ನಿದ್ದೆ ಬರುತ್ತೆ, ಕಾಲಿಗೆ ಬಲ ಬರುತ್ತೆ ಎನ್ನುವುದು. ಅದು ಸುಳ್ಳೂ ಅಲ್ಲ.

ಇದೇ ಸ್ಥಿತಿಯಲ್ಲಿರುವವರಿಗೆ ಎಚ್ಚರಿಕೆಯ ಒಂದೆರಡು ಮಾತು. ನಡೆಯುವಾಗ ಎದೆ ನೋವು, ತಲೆ ಸುತ್ತು, ವಿಪರೀತ ಏದುಸಿರು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹೊಸದಾಗಿ ಮಾಡಿದ ಒಂದೆರಡು ದಿನಕ್ಕೆ ಬರುವ ಮೈಕೈ ನೋವು ಬೇರೆ, ಅದು ತಾನಾಗಿ ಹೋಗುತ್ತದೆ. ಮೈಯ ನಾಚಿಕೆಯಿಂದ ಊಟ ಬಿಡುವುದು, ತಿಂದದ್ದನ್ನು ವಾಂತಿ ಮಾಡುವುದು, ಮನೆಯಿಂದ ಹೊರಗೇ ಹೋಗದಿರುವುದು, ಅಥವಾ ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದ್ದರೆ ವ್ಯಾಯಾಮದ ಮಾತು ಆಮೇಲೆ. ಮೊದಲು ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ.

ಈಗ ಅವರು ವಾರಕ್ಕೆ ಮೂರು ಸಲ ನಡೆಯುತ್ತಾರೆ. 150 ನಿಮಿಷ ಇನ್ನೂ ಆಗಿಲ್ಲ. ಮೂತ್ರದ ತೊಂದರೆ ಕಡಿಮೆಯಾಗಿದೆ, ಗಂಡನಿಗೂ ಅದನ್ನು ಹೇಳಿದ್ದಾರೆ. ಜಿಮ್‌ಗೆ ಮತ್ತೆ ಹೋಗುವ ಮನಸ್ಸಿಲ್ಲ, ಹೋಗಲೇಬೇಕೆಂದು ನಾನೂ ಹೇಳುವುದಿಲ್ಲ. ಕಳೆದ ಭೇಟಿಯಲ್ಲಿ ಒಂದು ಹೊಸ ಪ್ರಶ್ನೆ ತಂದಿದ್ದರು. ರಜೆಯಲ್ಲಿ ಮಗಳು "ನೀನೂ ನೀರಿಗೆ ಬರಲ್ವಾ?" ಎಂದು ಕೇಳುತ್ತಿದ್ದಾಳೆ. ಈಜುಡುಗೆ ತೊಟ್ಟು ಜನರ ನಡುವೆ ನಿಲ್ಲುವುದನ್ನು ನೆನೆದರೇ ಅವರಿಗೆ ಬೆವರುತ್ತದೆ. ಜನ ಕಡಿಮೆ ಇರುವ ಹೊತ್ತು ಯಾವುದು ಎಂದು ಈಜುಕೊಳದವರನ್ನು ಕೇಳಿಕೊಳ್ಳಿ, ಮೊದಲ ದಿನ ಉದ್ದ ತೋಳಿನ ಉಡುಪು ತೊಟ್ಟು ಅಂಚಿನಲ್ಲಿ ಕಾಲಷ್ಟೇ ಇಳಿಬಿಟ್ಟು ಕೂತು ಬನ್ನಿ ಎಂದಿದ್ದೇನೆ. ನೀರಿಗೆ ಇಳಿಯುವುದು ಯಾವಾಗ ಎಂಬುದನ್ನು ಅವರೇ ಹೇಳುತ್ತಾರೆ.