ಟೈರಿನ ಪಕ್ಕೆ ಓದಿ, ಆಮೇಲೆ ಅಂಗಡಿಗೆ ಹೋಗಿ

ಪ್ರಶ್ನೆ: ನನ್ನ ಪೋರ್ಷೆ 718 ಕೇಮನ್ ಎಸ್ 21,000 ಕಿ.ಮೀ. ಓಡಿದೆ. ಮುಂದೆ 235/40 ಝಡ್‌ಆರ್ 19, ಹಿಂದೆ 265/40 ಝಡ್‌ಆರ್ 19 ಟೈರ್‌ಗಳಿವೆ. ಹಿಂದಿನವೆರಡೂ ಒಳ ಅಂಚಿನಲ್ಲಿ ಸವೆದು ತಂತಿ ಕಾಣುತ್ತಿದೆ, ಮುಂದಿನವು ಚೆನ್ನಾಗಿವೆ. "ಎನ್ ಗುರುತಿಂದು ಬರೂದು ತಡ ಆಗ್ತದ್ರಿ ಸರ, ಅದ ಸೈಜಿಂದು ಬ್ಯಾರೆ ಹಾಕಸ್ರಿ. ಮುಂದ 245 ಬೇಕಾದ್ರ ರೆಡಿ ಅದ" ಎನ್ನುತ್ತಾರೆ ಅಂಗಡಿಯವರು. ಏನು ಮಾಡಲಿ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ತಂತಿ ಕಂಡಿದೆ ಎಂದಮೇಲೆ ಗಾಡಿ ಮನೆಯಲ್ಲೇ ನಿಲ್ಲಲಿ. ಹೊಸ ಟೈರ್ ಬರುವತನಕ ನಿಧಾನಕ್ಕೆ ಓಡಿಸಿದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಂತಿ ಹೊರಬಿದ್ದ ಕಡೆ ನೀರು ಹೊಕ್ಕು ತುಕ್ಕು ಹಿಡಿಯುತ್ತದೆ, ಟೈರ್ ಕಾದಾಗ ಪದರ ಬಿಚ್ಚಿಕೊಳ್ಳುತ್ತದೆ.

ಇನ್ನು ಎನ್ ಗುರುತು. ಪಕ್ಕೆಯ ಮೇಲಿನ ಎನ್0, ಎನ್1, ಎನ್2 ಎಂಬುದು ಪೋರ್ಷೆ ತನ್ನ ಕಾರಿಗೆಂದೇ ಪರೀಕ್ಷಿಸಿ ಒಪ್ಪಿದ ಟೈರ್ ಎಂಬುದರ ಮುದ್ರೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ ಇದ್ದಂತೆ. ಅದೇ ಕಂಪನಿಯ, ಅದೇ ಹೆಸರಿನ, ಅದೇ ಅಳತೆಯ ಗುರುತಿಲ್ಲದ ಟೈರ್ ಹೊರಗಿನಿಂದ ಅವಳಿಯಂತೆ ಕಂಡರೂ ರಬ್ಬರಿನ ಮಿಶ್ರಣವೋ ಒಳಗಿನ ಕಟ್ಟೋ ಬೇರೆ ಇರಬಹುದು. ಎನ್1 ಎಂದರೆ ಎನ್0ಗಿಂತ ಮೇಲ್ದರ್ಜೆ ಎಂದೇನೂ ಅಲ್ಲ, ಅದೇ ಟೈರಿನ ಮುಂದಿನ ಪರಿಷ್ಕರಣೆ ಅಷ್ಟೇ. ಇದನ್ನು ಗುಣಮಟ್ಟದ ಅಂಕಿ ಎಂದು ಹೇಳಿ ಮಾರುವವರೂ ಉಂಟು.

ಹಾಗಾಗಿ ಮೊದಲು ಮುಂದಿನ ಟೈರಿನ ಪಕ್ಕೆ ಓದಿ: ಕಂಪನಿ, ಮಾಡೆಲ್ ಹೆಸರು, ಎನ್ ಅಂಕಿ. ಈ ಮೂರೂ ಹೊಂದುವ 265/40 ಸಿಕ್ಕರೆ ಹಿಂದಿನ ಎರಡನ್ನಷ್ಟೇ ಬದಲಿಸಿ. ಮಾಡೆಲ್ ನಿಂತುಹೋಗಿದ್ದರೆ ಅಥವಾ ಎನ್ ಅಂಕಿ ಬದಲಾಗಿದ್ದರೆ ನಾಲ್ಕನ್ನೂ ಬದಲಿಸುವುದೇ ಸರಿ. ಖರ್ಚಿನ ಮಾತೇನೋ ನಿಜ. ಆದರೆ ಇಂಜಿನ್ ಸೀಟಿನ ಬೆನ್ನಿಗೇ ಕೂತ, ಹಿಂದಿನ ಗಾಲಿಯಿಂದ ಓಡುವ ಗಾಡಿ ಇದು. ಚೋರ್ಲಾ ಘಾಟಿನ ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಹಿಡಿದು ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗಿ ನಿಲ್ಲುತ್ತದೆ. ಒಂದೇ ಆಕ್ಸಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಜಾತಿಯಂತೂ ಬೇಡವೇ ಬೇಡ.

'ಮುಂದಿನವು ಚೆನ್ನಾಗಿವೆ' ಎಂದಿರಿ. ಎಷ್ಟು ಮಿ.ಮೀ.? ಅಳತೆ ಗೇಜು ಹಿಡಿದು ಒಳ, ನಡು, ಹೊರ ಮೂರೂ ತೋಡಿನಲ್ಲಿ (ತುಳಿಯುವ ಭಾಗದ ಉದ್ದ ಗೀರು) ಅಳೆಯಿರಿ. ತೋಡಿನೊಳಗಿನ ಸವಕಳಿ ಗುರುತು 1.6 ಮಿ.ಮೀ.ಗೆ ಇರುತ್ತದೆ, ಅದು ಕಾನೂನಿನ ಗಡಿ. ಖಾನಾಪುರ, ಜಾಂಬೋಟಿ ಕಡೆಯ ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಿಸಬೇಕು. ಅಗಲದ ಟೈರ್ ನೀರು ತಳ್ಳಲು ತಿಣುಕುತ್ತದೆ, ಬೇಗ ತೇಲುತ್ತದೆ.

245ರ ಮಾತು ಬಿಟ್ಟುಬಿಡಿ. ಅಳತೆಯಲ್ಲಿ ಮೊದಲ ಅಂಕಿ ಟೈರಿನ ಅಗಲ (ಮಿ.ಮೀ.), ಎರಡನೆಯದು ಆ ಅಗಲಕ್ಕೆ ಪಕ್ಕೆಯ ಎತ್ತರ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹೀಗಿದೆ: 235/40-19ರ ವ್ಯಾಸ ಸುಮಾರು 671 ಮಿ.ಮೀ., 265/40-19ರದು 695. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಸುತ್ತಿನ ಅನುಪಾತ ಇಷ್ಟಿರುತ್ತದೆ ಎಂದು ಎಬಿಎಸ್ ಮತ್ತು ಸ್ಥಿರತೆ ನಿಯಂತ್ರಣದ ಕಂಪ್ಯೂಟರಿಗೆ ಗೊತ್ತು. 245/40 ಹಾಕಿದರೆ ಮುಂದಿನ ವ್ಯಾಸ 679ಕ್ಕೆ ಏರಿ ಆ ಅನುಪಾತ ಶೇ. 1.2ರಷ್ಟು ಕೆಡುತ್ತದೆ. ನೇರ ದಾರಿಯಲ್ಲಿ ನಿಮಗೆ ಏನೂ ತಿಳಿಯದು. ಗಾಲಿ ಜಾರುತ್ತಿದೆಯೋ ಇಲ್ಲವೋ ಎಂದು ಕಂಪ್ಯೂಟರ್ ತೀರ್ಮಾನಿಸುವ ಗಳಿಗೆಯಲ್ಲಿ ಆ ಲೆಕ್ಕ ತಪ್ಪಿರುತ್ತದೆ.

ಅಳತೆಯ ನಂತರದ ಅಂಕಿ-ಅಕ್ಷರವನ್ನು ನಮ್ಮ ಕಡೆ ನೋಡುವವರು ಕಡಿಮೆ. 92 ಎಂದರೆ ಒಂದು ಟೈರ್ 630 ಕೆ.ಜಿ. ಹೊರುತ್ತದೆ, 96 ಎಂದರೆ 710. ಅಕ್ಷರ ವಿ ಇದ್ದರೆ ಗಂಟೆಗೆ 240 ಕಿ.ಮೀ., ಡಬ್ಲ್ಯು 270, ವೈ 300. ನೀವು ಅಷ್ಟು ಓಡಿಸುವುದಿಲ್ಲ, ಬಲ್ಲೆವು. ಆದರೂ ವೇಗದ ದರ್ಜೆ ಎಂದರೆ ಬಿಸಿ ತಾಳುವ ದರ್ಜೆಯೂ ಹೌದು. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮತ್ತು ಕಾರಿನ ಕೈಪಿಡಿ ಹೇಳಿದ್ದಕ್ಕಿಂತ ಎರಡರಲ್ಲಿ ಒಂದೂ ಇಳಿಯಬಾರದು.

ತಡವಾಗುವುದಕ್ಕೆ ಅಂಗಡಿಯವರನ್ನು ದೂರಬೇಡಿ. 2020ರ ಜೂನ್ 12ರಿಂದ ಹೊಸ ಟೈರ್ ಆಮದಿಗೆ ಕೇಂದ್ರದ ಪರವಾನಗಿ ಬೇಕು, ಐಎಸ್‌ಐ ಮುದ್ರೆಯೂ ಇರಬೇಕು. ಮುದ್ರೆಯಿಲ್ಲದ 'ಹೊರಗಿನ ಮಾಲು' ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಅಂದರೆ ಕೈ ಹಾಕಬೇಡಿ.

ಯಾವ ಮಾಡೆಲ್? ಟ್ರ್ಯಾಕಿಗೆಂದು ಮಾಡಿದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2ರ ಸವಕಳಿ ಅಂಕ (ಹೆಚ್ಚಿದ್ದಷ್ಟೂ ನಿಧಾನಕ್ಕೆ ಸವೆಯುತ್ತದೆ) 180, ರಸ್ತೆಯ ಪೈಲಟ್ ಸ್ಪೋರ್ಟ್ 4ಎಸ್‌ನದು 300. ಈ ಅಂಕವನ್ನು ಒಂದೇ ಕಂಪನಿಯ ಟೈರ್‌ಗಳ ನಡುವೆ ಹೋಲಿಸಿದರೆ ಮಾತ್ರ ಅರ್ಥ. ಬೆಳಗಾವಿಯ ಜೂನ್-ಜುಲೈ ಮಳೆಗೆ ಕಪ್ ಜಾತಿಯ ಟೈರ್ ನಮ್ಮ ಶಿಫಾರಸು ಅಲ್ಲ: ತೋಡುಗಳು ಕಡಿಮೆ, ತಣ್ಣಗಿದ್ದಾಗ ಹಿಡಿತವೂ ಕಡಿಮೆ.

ಇಷ್ಟಾಗಿ, ಹೊಸ ಜೋಡಿಯೂ ಇದೇ ಗತಿ ಕಾಣಬಾರದೆಂದರೆ ಒಳ ಅಂಚು ಸವೆದದ್ದೇಕೆಂದು ತಿಳಿಯಬೇಕು. ಹಿಂದಿನ ಗಾಲಿಗಳ ತಲೆ ಒಳಕ್ಕೆ ವಾಲಿರುವುದು ಈ ಗಾಡಿಯ ಹುಟ್ಟುಗುಣ. ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಬರೀ ಕ್ಯಾಂಬರ್ ಇಷ್ಟು ತಿನ್ನುವುದಿಲ್ಲ, ಜೊತೆಗೆ ಟೋ (ಮೇಲಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದಾಗ ಒಳ ಅಂಚು ಪ್ರತಿ ಸುತ್ತಿಗೂ ಅಡ್ಡಡ್ಡ ಉಜ್ಜುತ್ತದೆ. ಸವೆದ ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಎಳೆದು ನೋಡಿ (ತಂತಿ ಎದ್ದ ಕಡೆ ಬಿಟ್ಟು). ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತರಚಿದರೆ ಟೋ ಕೆಟ್ಟಿದೆ. ದೊಡ್ಡ ತಗ್ಗಿಗೆ ಬಿದ್ದಮೇಲೆ ಹೀಗಾಗುವುದು ಸಾಮಾನ್ಯ. ಮೊದಲು ಹಿಂದಿನ ಆಕ್ಸಲ್, ಆಮೇಲೆ ಮುಂದಿನದು, ಈ ಕ್ರಮದಲ್ಲಿ ಅಲೈನ್‌ಮೆಂಟ್ ಮಾಡಿಸಿ ಮುಂಚಿನ-ನಂತರದ ಅಂಕಿಗಳ ಪ್ರಿಂಟ್ ಪಡೆಯಿರಿ. ನಿಂತು ನೋಡಿದರೆ ಆ ಒಳ ಅಂಚು ಕಾಣುವುದೇ ಇಲ್ಲ. ತಿಂಗಳಿಗೊಮ್ಮೆ ಮೊಬೈಲನ್ನು ಟೈರಿನ ಹಿಂದೆ ನೆಲದ ಹತ್ತಿರ ತೂರಿಸಿ ಒಂದು ಫೋಟೊ ತೆಗೆದರೆ ಸಾಕು.

ಹಾಕಿಸುವಾಗ ಎದುರಿಗೇ ನಿಲ್ಲಿ. ಕೇಮನ್ ಗಾಲಿಗೆ ಬೋಲ್ಟ್ ಇರುತ್ತವೆ, ಸ್ಟಡ್ ಅಲ್ಲ. ಕೊನೆಯ ಬೋಲ್ಟ್ ಬಿಚ್ಚಿದ ಕೂಡಲೇ ಗಾಲಿ ಜಾರಿ ಬ್ರೇಕ್ ಡಿಸ್ಕಿಗೆ ಬಡಿಯಬಹುದು, ಅದಕ್ಕೆ ಗೈಡ್ ಪಿನ್ ತಿರುಪಿಕೊಂಡೇ ಗಾಲಿ ಎಳೆಯಬೇಕು. ಟೈರ್ ಬಿಚ್ಚುವ ಮಷಿನ್ನಿನ ಬಾಯಿ ಹವಾ ತುಂಬುವ ವಾಲ್ವ್ ಹತ್ತಿರ ಒತ್ತಬಾರದು, ಹವಾ ಸೆನ್ಸರ್ ಅಲ್ಲೇ ಇರುತ್ತದೆ. ಪಕ್ಕೆಯ ಮೇಲೆ 'ಔಟ್‌ಸೈಡ್' ಎಂದಿರುವ ಮುಖ ಹೊರಗೇ ಬರಬೇಕು. ಬೋಲ್ಟ್ ಬಿಗಿ 160 ನ್ಯೂಟನ್ ಮೀಟರ್. ಗನ್ನಿನಿಂದ ಗರ್ರೆನ್ನಿಸಿ ಬಿಡುವಂತಿಲ್ಲ, ಕೊನೆಗೆ ಟಾರ್ಕ್ ಪಾನಾವೇ ಬೇಕು. ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುವುದರಿಂದ ಮೊದಲ 200 ಕಿ.ಮೀ. ಮೆಲ್ಲಗೆ ಓಡಿಸಿ.

ಪ್ರಶ್ನೆ: ನನ್ನ ಬಿಎಂಡಬ್ಲ್ಯುಗೆ ರನ್‌ಫ್ಲ್ಯಾಟ್ ಟೈರ್‌ಗಳಿವೆ. ತುಂಬಾ ಗಡುಸು, ತಗ್ಗು ಬಿದ್ದರೆ ಬೆನ್ನಿಗೇ ಹೊಡೆಯುತ್ತದೆ. ಸಾದಾ ಟ್ಯೂಬ್‌ಲೆಸ್ ಹಾಕಬಹುದೇ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಹಾಕಬಹುದು, ನಾಲ್ಕಕ್ಕೆ ನಾಲ್ಕೂ. ಎರಡು ರನ್‌ಫ್ಲ್ಯಾಟ್, ಎರಡು ಸಾದಾ ಎಂಬ ರಾಜಿ ಬೇಡ. ರನ್‌ಫ್ಲ್ಯಾಟ್‌ನ ಪಕ್ಕೆ ದಪ್ಪ, ಗಡಸುತನಕ್ಕೆ ಅದೇ ಕಾರಣ. ಎರಿ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ನಮ್ಮ ರಸ್ತೆಗಳನ್ನು ಅಲೆಅಲೆ ಮಾಡಿಟ್ಟಿರುವಾಗ ಆ ಗಡಸುತನ ಇನ್ನೂ ಹೆಚ್ಚು ತಿಳಿಯುತ್ತದೆ.

ಕಳೆದುಕೊಳ್ಳುವುದೇನು ಎಂಬುದನ್ನೂ ನೋಡಿ. ಹವಾ ಪೂರ್ತಿ ಹೋದರೂ ರನ್‌ಫ್ಲ್ಯಾಟ್ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ದೂರ ಓಡುತ್ತದೆ. ಬಾಗಲಕೋಟೆಯಿಂದ ಹುಬ್ಬಳ್ಳಿಯಾಗಲಿ ಬೆಳಗಾವಿಯಾಗಲಿ ನೂರು ಕಿ.ಮೀ. ಮೀರಿದ ದೂರ, ಹಾಗಾಗಿ ಆ ಭರವಸೆಯೂ ಅರ್ಧ ದಾರಿಯದೇ. ಆದರೆ ರಾತ್ರಿ ಲೋಕಾಪುರದ ಹತ್ತಿರ ಪಂಕ್ಚರ್ ಆದರೆ ಊರು ಮುಟ್ಟಿಸುತ್ತದೆ ಎಂಬುದೂ ಸುಳ್ಳಲ್ಲ. ಸಾದಾ ಹಾಕಿಸುವುದಾದರೆ ಡಿಕ್ಕಿಯಲ್ಲಿ ಕಂಪ್ರೆಸರ್, ಅವಧಿ ಮುಗಿಯದ ಸೀಲೆಂಟ್ (ತೂತು ಮುಚ್ಚುವ ದ್ರವ) ಬಾಟಲಿ ಇಟ್ಟುಕೊಳ್ಳಿ. ಪಕ್ಕೆ ಹರಿದರೆ ಸೀಲೆಂಟ್ ಕೆಲಸಕ್ಕೆ ಬಾರದು, ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ವಾಹನದವರ ನಂಬರ್ ಬೇಕಾಗುತ್ತದೆ. ಹವಾ ಸೆನ್ಸರ್ ತೆಗೆಸಬೇಡಿ.

ಪ್ರಶ್ನೆ: ಉದ್ಯಮಬಾಗದ ರಸ್ತೆಯಲ್ಲಿ ಓಡಾಡಿ ಎರಡು ಸಲ ಪಂಕ್ಚರ್ ಆಯಿತು. ಇಂಥ ದುಬಾರಿ ಟೈರಿಗೆ ಪಂಕ್ಚರ್ ತಿದ್ದಿಸಬಹುದೇ, ಎಸೆಯಬೇಕೇ?
— ಓದುಗರು, ಬೆಳಗಾವಿ

ಉತ್ತರ: ಲೇಥ್‌ನಿಂದ ಬಿದ್ದ ಉಕ್ಕಿನ ಸುರುಳಿ ಅಲ್ಲಿನ ರಸ್ತೆಯಂಚಿನಲ್ಲಿ ಇರುವುದೇ. ಮೊಳೆಯಂತೆ ನೇರವಾಗಿ ಹೋಗದೆ ತಿರುಪಿಕೊಂಡು ಹೋಗುವುದರಿಂದ ತೂತು ಹೊರಗೆ ಚಿಕ್ಕದು, ಒಳಗೆ ಹರಕು. ಆದ್ದರಿಂದ ಹೊರಗಿನಿಂದಲೇ ಸ್ಟ್ರಿಪ್ ತುರುಕುವುದು ಮನೆ ಮುಟ್ಟುವ ಉಪಾಯವಷ್ಟೇ. ಟೈರ್ ಬಿಚ್ಚಿಸಿ ಒಳಗೆ ಕೈಯಾಡಿಸಿ. ಕರಿ ರಬ್ಬರ್ ಪುಡಿ ಸಿಕ್ಕರೆ ಹವಾ ಇಲ್ಲದೆ ಓಡಿ ಪಕ್ಕೆ ಅರೆದಿದೆ ಎಂದರ್ಥ, ಆ ಟೈರ್ ಮುಗಿಯಿತು. ಪುಡಿ ಇಲ್ಲದೆ, ತೂತು ತುಳಿಯುವ ಭಾಗದ ನಡುವೆ ಇದ್ದು 6 ಮಿ.ಮೀ.ಗಿಂತ ಚಿಕ್ಕದಿದ್ದರೆ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ತೇಪೆ) ಹಾಕಿಸಿ. ಭುಜ (ತುಳಿಯುವ ಭಾಗ ಪಕ್ಕೆಗೆ ಸೇರುವ ಅಂಚು) ಅಥವಾ ಪಕ್ಕೆಯಲ್ಲಾದರೆ ತಿದ್ದುವ ಮಾತಿಲ್ಲ. ಸದ್ದು ತಗ್ಗಿಸಲು ಒಳಗೆ ಸ್ಪಂಜು ಅಂಟಿಸಿದ ಟೈರಾದರೆ ಆ ಜಾಗದ ಸ್ಪಂಜು ಕತ್ತರಿಸಿ ತೆಗೆದೇ ಪ್ಯಾಚ್ ಕೂರಿಸಬೇಕು. ತಿದ್ದಿದ ಟೈರನ್ನು ಅದರ ಪೂರ್ಣ ವೇಗಕ್ಕೆ ನಂಬಬೇಡಿ.

ಪ್ರಶ್ನೆ: ನಮ್ಮ ಕಡೆ ಬ್ಯಾಸಗಿ ಬಿಸಲು ಹ್ಯಾಂಗಿರ್ತದ ನಿಮಗ ಗೊತ್ತದ. ಮಧ್ಯಾಹ್ನ ಗಾಡಿ ಓಡಿಸಿ ಬಂದು ನೋಡಿದ್ರ ಹವಾ ಐದಾರು ಪಾಯಿಂಟ್ ಜಾಸ್ತಿ ತೋರಸ್ತದ. ಬಿಡಬೇಕೋ ಬ್ಯಾಡೋ? ನೈಟ್ರೋಜನ್ ಖರೇನ ಉಪಯೋಗ ಅದ ಏನ್ರಿ?
— ಓದುಗರು, ವಿಜಯಪುರ

ಉತ್ತರ: ಬಿಡಬೇಡ್ರಿ. ಸ್ಟಿಕ್ಕರಿನ ಅಂಕಿ ತಣ್ಣಗಿನ ಟೈರಿನದು: ಗಾಡಿ ಮೂರು ತಾಸು ನೆರಳಿನಲ್ಲಿ ನಿಂತಿರಬೇಕು, ಬೆಳಗ್ಗೆ ನೋಡಿದರೆ ಇನ್ನೂ ಚಲೋ. ಟೈರಿನೊಳಗಿನ ಬಿಸಿ 10 ಡಿಗ್ರಿ ಏರಿದರೆ ಹವಾ ಒಂದೂವರೆ ಪಾಯಿಂಟ್‌ನಷ್ಟು ಏರುತ್ತದೆ, ಅದು ಲೆಕ್ಕದಲ್ಲೇ ಇದೆ. ಬಿಸಿಯಲ್ಲಿ ಬಿಟ್ಟರೆ ಬೆಳಗ್ಗೆ ಅಷ್ಟು ಕಡಿಮೆಯಾಗಿ, ಪಕ್ಕೆ ಬಳುಕಿ, ಮಧ್ಯಾಹ್ನ ಇನ್ನೂ ಹೆಚ್ಚು ಕಾಯುತ್ತದೆ. ಬೇಸಿಗೆಯಲ್ಲಿ ಟೈರ್ ಸಿಡಿಯುವುದು ಬಹುಪಾಲು ಕಡಿಮೆ ಹವಾದಿಂದ. ಸಾದಾ ಹವಾದಲ್ಲೇ ಶೇ. 78 ನೈಟ್ರೋಜನ್ ಇದೆ. ಪುಕ್ಕಟೆ ಕೊಟ್ಟರೆ ಹಾಕಿಸಿಕೊಳ್ಳಿ, ದುಡ್ಡು ಕೊಡುವುದಾದರೆ ಅದರಲ್ಲಿ ಒಂದು ಒಳ್ಳೆಯ ಗೇಜು ಕೊಳ್ಳಿ.

ಪ್ರಶ್ನೆ: ಗಾಡಿ ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡುವುದಿಲ್ಲ. ಟೈರಿನ ತೋಡು ಹೊಸದರಂತಿದೆ, ಆದರೆ ಏಳು ವರ್ಷವಾಯಿತು. ಬದಲಿಸಬೇಕೇ?
— ಓದುಗರು, ಜಮಖಂಡಿ

ಉತ್ತರ: ಬದಲಿಸಿ. ಓಡದಿದ್ದರೂ ರಬ್ಬರ್ ಒಣಗುತ್ತದೆ, ಇಂಥ ಗಾಡಿಗಳಿಗೆ ಆರು ವರ್ಷವೇ ಗಡಿ. ಪಕ್ಕೆಯಲ್ಲಿ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರ. ಆ ನಾಲ್ಕು ಅಂಕಿ ಟೈರಿನ ಒಂದೇ ಪಕ್ಕೆಯಲ್ಲಿ ಇರುವುದೂ ಉಂಟು, ಹೊರಗೆ ಕಾಣದಿದ್ದರೆ ಒಳಗಿನ ಪಕ್ಕೆ ನೋಡಿ. ಹೊಸದನ್ನು ಕೊಳ್ಳುವಾಗಲೂ ದುಡ್ಡು ಎಣಿಸುವ ಮುನ್ನ ನಾಲ್ಕೂ ಟೈರಿನ ಅಂಕಿಯ ಫೋಟೊ ತರಿಸಿಕೊಳ್ಳಿ. ಇಂಥ ಅಳತೆಗಳು ನಿಧಾನಕ್ಕೆ ಮಾರಾಟವಾಗುವುದರಿಂದ ಗೋದಾಮಿನಲ್ಲೇ ಎರಡು ವರ್ಷ ಕಳೆದ ಮಾಲು 'ಹೊಸದು' ಎಂದು ಬರುವುದುಂಟು.