ತಟ್ಟೆ ಬೇರೆ ಮಾಡಬೇಡಿ, ಮಗುವಿನ ಮೊದಲ ದಿನ ಮರೆಯಬೇಡಿ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ, ಕಾಫಿ ತೋಟದಲ್ಲಿ ಕೆಲಸ. ಹೆಂಡತಿಗೆ ಈಗ ಐದು ತಿಂಗಳು, ಜುಲೈನಲ್ಲಿ ಹೆರಿಗೆ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ಅವಳಿಗೆ ಯಾವತ್ತೂ ಕಾಮಾಲೆ ಆಗಿಲ್ಲ. ಅಮ್ಮ ಅವಳ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ, ಎದೆಹಾಲೂ ಬೇಡ ಅಂತಾರೆ. ಮಗುವಿಗೂ ಬರುತ್ತಾ? ನಾನೇನು ಮಾಡಬೇಕು?

ಉತ್ತರ: ಮೊದಲು ಆ ತಟ್ಟೆ, ಲೋಟ ಮನೆಯವರದ್ದರ ಜೊತೆಗೇ ಇಡಿ. ಹೆಪಟೈಟಿಸ್ ಬಿ ಅಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು; ಒಟ್ಟಿಗೆ ಉಂಡರೆ, ಅವರು ಮಾಡಿದ ಅಡುಗೆ ತಿಂದರೆ ಇದು ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ರೇಜರ್, ಟೂತ್‌ಬ್ರಷ್ ಮಾತ್ರ ಬೇರೆ ಇರಲಿ. ಎಷ್ಟೋ ಜನರಿಗೆ ತಾವು ಹುಟ್ಟುವಾಗಲೇ ಅಂಟಿರುತ್ತದೆ, ಕಾಮಾಲೆ ಕಾಣುವುದೇ ಇಲ್ಲ. ಹಾಗಾಗಿ ಎಲ್ಲಿಂದ ತಂದೆ ಅಂತ ದಯವಿಟ್ಟು ಅವರನ್ನು ಕೇಳಬೇಡಿ.

ಮಗುವಿಗೆ ಬರದಂತೆ ಖಂಡಿತ ತಡೆಯಲು ಪ್ರಯತ್ನಿಸಬಹುದು, ಬಹುಪಾಲು ಮಕ್ಕಳಲ್ಲಿ ತಡೆಯಲು ಆಗುತ್ತದೆ ಕೂಡ. ಆದರೆ ಸುಮ್ನೆ ಬಿಟ್ಟರೆ ಕಷ್ಟ. ಹುಟ್ಟುವಾಗ ಸೋಂಕು ತಗುಲಿದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ಅದು ಹಾಗೇ ಉಳಿದುಬಿಡುತ್ತದೆ, ಮುಂದೆ ಲಿವರ್ ಹಾಳಾಗುವ, ಕ್ಯಾನ್ಸರ್ ಆಗುವ ಭಯ ಇರುತ್ತದೆ. ಮಗು ಹುಟ್ಟಿದ 12 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಮತ್ತು ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಎರಡೂ ಬೀಳಬೇಕು, ಒಂದೊಂದು ತೊಡೆಗೆ ಒಂದೊಂದು. ಇಮ್ಯುನೊಗ್ಲೋಬ್ಯುಲಿನ್ ಎಲ್ಲ ಕಡೆ ಸ್ಟಾಕ್ ಇರುವುದಿಲ್ಲ, ಈಗಲೇ ಕೇಳಿ ತರಿಸಿಡಲು ಹೇಳಿ. ಜುಲೈ ಮಳೆ ನಿಮಗೆ ಗೊತ್ತೇ ಇದೆ, ಮರ ಬಿದ್ದು, ಗುಡ್ಡ ಜರಿದು ರಸ್ತೆ ಬಂದ್ ಆಗುವ ಕಾಲ ಅದು. ನೋವು ಬರುವವರೆಗೆ ತೋಟದಲ್ಲಿ ಕಾಯದೆ ಕೆಲವು ದಿನ ಮೊದಲೇ ಮಡಿಕೇರಿಗೆ ಬಂದು ಉಳಿಯಿರಿ. ತಾಯಿ ಕಾರ್ಡ್‌ನಲ್ಲಿ ಪಾಸಿಟಿವ್ ಅಂತ ಬರೆಸಿ, ಹೆರಿಗೆ ವಾರ್ಡಿನಲ್ಲೂ ಬಾಯಿಬಿಟ್ಟು ಹೇಳಿ. ಆಮೇಲೆ 6, 10, 14 ವಾರದ ಪೆಂಟಾವೇಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಕ್ಕೆ ಒಂದೇ ಲಸಿಕೆ) ತಪ್ಪಿಸಬೇಡಿ.

ಇನ್ನೊಂದು, ಈಗಲೇ ಹೆಂಡತಿಗೆ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ ಮಾಡಿಸಿ. ಅದು ಒಂದು ಎಂಎಲ್ ರಕ್ತಕ್ಕೆ 2 ಲಕ್ಷ ಯೂನಿಟ್‌ಗಿಂತ ಜಾಸ್ತಿ ಇದ್ದರೆ ಏಳನೇ ತಿಂಗಳಿನಿಂದ ವೈರಸ್ ತಗ್ಗಿಸುವ ಟೆನೊಫೋವಿರ್ ಮಾತ್ರೆ ಕೊಡುತ್ತಾರೆ. 2018ರಲ್ಲಿ ಶುರುವಾದ ಸರ್ಕಾರಿ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ. ಕಾಮಾಲೆಗೆ ಕೊಡುವ ನಾಟಿ ಔಷಧಿ ಮಾತ್ರ ಬಸುರಿಗೆ ಬೇಡವೇ ಬೇಡ.

ಎದೆಹಾಲು ಧಾರಾಳವಾಗಿ ಕೊಡಲಿ. ಅಮ್ಮನನ್ನೂ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರ ಬಾಯಲ್ಲೇ ಕೇಳಿದರೆ ನಂಬುತ್ತಾರೆ.

ನೀವೂ ಈ ವಾರವೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಅಂತಾದರೆ ಮೂರು ಡೋಸ್ ಲಸಿಕೆ: ಈಗೊಂದು, ತಿಂಗಳಿಗೊಂದು, ಆರನೇ ತಿಂಗಳಿಗೊಂದು. ಅದು ಮುಗಿಯುವವರೆಗೆ ಕಾಂಡೋಮ್ ಬಳಸಿ. ಮಗುವಿಗೆ 9ರಿಂದ 12 ತಿಂಗಳಾದಾಗ ಒಂದು ರಕ್ತ ಪರೀಕ್ಷೆ ಇರುತ್ತದೆ, ಆಗ ಹೆಂಡತಿಯ ಲಿವರ್ ತಪಾಸಣೆಯನ್ನೂ ಮಾಡಿಸಿ.